ಮಾರ್ಜಿನ್ ಎರಡು ಸಲ

ಮಾರ್ಚ್ 3, ಮಧ್ಯಾಹ್ನ

ಮತ್ತೆ ಅದೇ ಕಥೆ. ನಾಲ್ಕನೇ ಪಾಠ, ಆರ್ಮ್‌ಹೋಲ್ — ತೋಳು ಕೂರುವ ಕಂಡಿ. ಇದ್ದಂತೆಯೇ ಟೈಪ್ ಮಾಡಿ, ಅಳತೆ ಮಾತ್ರ ನನ್ನದು ಹಾಕಿದೆ. ಮುಂಭಾಗ ಹಿಂಭಾಗ ಕೂಡುವುದೇ ಇಲ್ಲ. ಆರು ಸಲ. ಈ ಗಲಾಟೆಯಲ್ಲಿ ಗಿರಾಕಿಯ ಕಾಲರ್ ಒಂದನ್ನು ಇಸ್ತ್ರಿಪೆಟ್ಟಿಗೆ ಕೆಳಗೆ ಸುಟ್ಟೆ.

ತಂಗಿ ಗುಂಡಿಗೆ ಕಾಜ ಹಾಕುತ್ತಾ ನಗುತ್ತಾಳೆ. "ಅಕ್ಕಾ, ಕಂಪ್ಯೂಟರ್‌ಗೆ ಬೈತಿದ್ದೀಯಲ್ಲ, ಅದಕ್ಕೆ ಕಿವಿ ಇದೆಯಾ?"

ನಗಲಿ. ಕೈ ನಡುಗುವುದು ಅವಳದ್ದಲ್ಲ. ಚಾಕ್ ಹಿಡಿದರೆ ಗೆರೆ ಹಾವಿನ ಹಾಗೆ ಹರಿಯುತ್ತೆ. ಅಳತೆ ಬರೆದುಕೊಟ್ಟರೆ ಪೇಪರ್ ಕಟಿಂಗ್‌ನ ಗೆರೆ ತಾನೇ ಎಳೆಯುವ ಪುಟ್ಟ ಪ್ರೋಗ್ರಾಮಿಂಗ್ ಭಾಷೆ ಇದು. ಬಲ್ಲವರು ಲೋಕದಲ್ಲೆಲ್ಲ ನಾನೂರು ಜನ ಇದ್ದರೆ ಹೆಚ್ಚು. ನಮ್ಮ ಭಾಷೆಯಲ್ಲಿ ಪಾಠ ಬರೆಯುವವಳು ಒಬ್ಬಳೇ — ಗುಬ್ಬಿ ಅಂತ ಹೆಸರಿಟ್ಟುಕೊಂಡಿದ್ದಾಳೆ. ಬಿಟ್ಟಿ ಪಾಠ. ಕಲಿತರೆ ಅಂಗಡಿ ಉಳಿಯುತ್ತೆ. ಇಲ್ಲದಿದ್ದರೆ ಶಟರ್ ಎಳೆಯಬೇಕು.

ಮಾರ್ಚ್ 4

ಕಲಿಯುವವರ ಗ್ರೂಪಿನಲ್ಲಿ ಬರೆದೇಬಿಟ್ಟೆ. "ಬಿಟ್ಟಿ ಅಂದಮಾತ್ರಕ್ಕೆ ಹರಕಲು ಕೊಡಬೇಕಾ? ಕಲಿಸೋಕೆ ಬರದಿದ್ರೆ ಸುಮ್ನಿರಿ." ಎಲ್ಲರಿಗೂ ಕಾಣುವ ಹಾಗೆ. ಹೊಟ್ಟೆ ತಣ್ಣಗಾಯಿತು.

ಮಾರ್ಚ್ 5, ಬೆಳಿಗ್ಗೆ

ಗುಬ್ಬಿಯ ಉತ್ತರ. "ಅಮ್ಮಾ, ತಪ್ಪು ನನ್ನದೇ ಇರಬಹುದು. ಮೂರನೇ ಪಾಠ ಮಾಡಿದ್ರಾ?"

ಮೂರನೆಯದು 'ಅಳತೆ ಮತ್ತು ಮಾರ್ಜಿನ್' — ಹೊಲಿಗೆಗೆಂದು ಅಂಚಿನಲ್ಲಿ ಬಿಡುವ ಹೆಚ್ಚುವರಿ ಬಟ್ಟೆಯ ಲೆಕ್ಕ. ಬಿಟ್ಟಿದ್ದೆ. ನನಗೆ ಅಳತೆ ಹೇಳಿಕೊಡುತ್ತಾಳಂತೆ! ಬರೆದೆ: "ನಿನ್ನ ವಯಸ್ಸಿಗಿಂತ ಹಳೇದು ನನ್ನ ಕತ್ತರಿ. ಮೊದಲು ಒಂದು ಗುಂಡಿ ಹೊಲಿಯೋದು ಕಲಿ."

ಏಳು ಜನ ನಗುವ ಮುಖ ಒತ್ತಿದರು. ನಾನೂ ನಕ್ಕೆ.

ಮಾರ್ಚ್ 19

ಎರಡು ವಾರ, ಕಟಿಂಗ್ ಆಗಿ ಬಂದ ಯೂನಿಫಾರ್ಮ್ ಹೊಲಿಯುವ ಕೆಲಸ. ತಲೆ ಎತ್ತಲಿಲ್ಲ. ಇವತ್ತು ತೆರೆದು ನೋಡಿದರೆ ಪಾಠ ಆರಕ್ಕೇ ನಿಂತಿದೆ. ಏಳನೆಯದು 'ತೋಳು ಕೂಡಿಸುವುದು' — ಹೆಸರು ಮಾತ್ರ. ಕೆಳಗೆ, "ಕಲಿಸುವಷ್ಟು ನನಗೆ ಗೊತ್ತಿಲ್ಲ. ಕ್ಷಮಿಸಿ. ಇಲ್ಲಿಗೆ ನಿಲ್ಲಿಸುತ್ತೇನೆ." ತಾರೀಖು ಮಾರ್ಚ್ 5.

ತೋಳಿಲ್ಲದ ಅಂಗಿ ಯಾರಿಗೆ ಹೊಲಿಯಲಿ...

ಮಾರ್ಚ್ 20

ಗ್ರೂಪ್ ನೋಡಿಕೊಳ್ಳುವವನಿಗೆ ಫೋನ್ ಮಾಡಿದೆ. ಲೈಬ್ರರಿ ಗುಮಾಸ್ತ. ಮೆತ್ತಗೆ ಮಾತಾಡುತ್ತಾನೆ.

"ಪಾಠ ಬರಿ ಅಂತ ಗುಬ್ಬಿನ ಒಪ್ಸೋಕೆ ನನಗೆ ಒಂದು ವರ್ಷ ಹಿಡೀತು. ಗಾರ್ಮೆಂಟ್ಸ್‌ನಲ್ಲಿ ಕಟಿಂಗ್ ಕೆಲಸ. ಓದು ಅರ್ಧಕ್ಕೇ ನಿಂತಿದೆ. ಯಾರಾದ್ರೂ ಏನಾದ್ರೂ ಅಂದ್ರೆ ಅಂತ ಹೆದರ್ತಿದ್ಲು."

"ಅವಳ ನಂಬರ್ ಕೊಡಿ. ನಾನು ಮಾತಾಡ್ತೀನಿ."

"ಗ್ರೂಪ್ ಬಿಟ್ಟು ಹೋಗಿದ್ದಾಳೆ. ನನ್ನ ಫೋನೂ ಎತ್ತಲ್ಲ."

ಗಾರ್ಮೆಂಟ್ಸ್. ಅವಳಿಗೆ ನಾನು ಹೇಳಿದ್ದು, ಗುಂಡಿ ಹೊಲಿಯೋದು ಕಲಿ ಅಂತ.

ಸಂಜೆ

ಮೂರನೇ ಪಾಠ ಮಾಡಿದೆ. ಎರಡನೇ ಸಾಲಿನಲ್ಲೇ ಇದೆ, ದಪ್ಪಕ್ಷರದಲ್ಲಿ: "ಮಾರ್ಜಿನ್ ಸೇರಿಸಬೇಡಿ. ಕೊನೆಗೆ ಪ್ರೋಗ್ರಾಮೇ ಸೇರಿಸಿಕೊಳ್ಳುತ್ತೆ. ಹೊಲಿಗೆ ಬಲ್ಲವರೇ ಇಲ್ಲಿ ಎಡವುವುದು — ಕೈಗೆ ಅಭ್ಯಾಸ."

ಸೇರಿಸಿದ್ದೆ. ಹಿಂಭಾಗಕ್ಕೆ ಒಂದಿಂಚು, ಮುಂಭಾಗಕ್ಕೆ ಮುಕ್ಕಾಲು. ಯೋಚನೆಯೇ ಇಲ್ಲದೆ. ನಲವತ್ತು ವರ್ಷದ ಚಾಳಿ. ತೆಗೆದೆ. ಆರ್ಮ್‌ಹೋಲ್ ಕೂಡಿತು, ನೂಲೆಳೆ ವ್ಯತ್ಯಾಸವಿಲ್ಲದೆ.

ಖುಷಿಯಾಗಲಿಲ್ಲ. ತಂಗಿಗೆ ಹೇಳಿದೆ.

"ಕ್ಷಮೆ ಕೇಳು."

"ನಾನಾ? ಒಂದು ಮಾತಿಗೆ ಓಡಿಹೋಗೋರು ಎಂಥ ಟೀಚರ್?"

"ನೀನು ಸ್ಕೂಲ್ ಬಿಟ್ಟಿದ್ದು ಮೇಷ್ಟ್ರ ಎಷ್ಟು ಮಾತಿಗೆ, ಅಕ್ಕಾ?" ದಾರ ಹಲ್ಲಲ್ಲಿ ಕಡಿದಳು.



ಮಾರ್ಚ್ 22

ಗ್ರೂಪಿನಲ್ಲಿ ಒಂದು ಪದ್ಧತಿ. ಪಾಠ ಮುಗಿಸಿದವರು ಅದರಡಿ 'ನಾನು ಎಡವಿದ್ದು' ಅಂತ ಬರೆದಿಡಬೇಕು, ಮುಂದೆ ಬರುವವರಿಗೆ. ನಾನು ಒಂದಕ್ಕೂ ಬರೆದಿರಲಿಲ್ಲ. ಎಡವೋಳಲ್ಲ ಅಂತ ಜಂಬ.

ಇವತ್ತು ಮೂರರ ಕೆಳಗೆ ಬರೆದೆ: "ಈ ಪಾಠ ಹಾರಿಸಿದೆ. ಪಾಠ ಸರಿಯಿದೆ. ಬರೆದವಳಿಗೆ ಸುಮ್ಮಸುಮ್ಮನೆ ಬೈದೆ." ನಗುವ ಮುಖ ಯಾರೂ ಒತ್ತಲಿಲ್ಲ.

ಅವಳ ಕಣ್ಣಿಗೆ ಬೀಳುತ್ತೋ ಇಲ್ಲವೋ.

ಏಪ್ರಿಲ್ 11

ಬಿದ್ದ ಹಾಗಿಲ್ಲ, ಉತ್ತರವಿಲ್ಲ. ದಿನಾ ನೋಡುತ್ತೇನೆ. ಫುಲ್ ತೋಳಿನ ಎರಡು ಅಂಗಿಯ ಬಟ್ಟೆ ವಾಪಸ್ ಕಳಿಸಿದೆ — ಆಗಲ್ಲ ಅಂದೆ. ಗಿರಾಕಿಯ ಮುಖ ನಾನು ನೋಡಲಿಲ್ಲ.

ಗ್ರೂಪಿಗೆ ಇವತ್ತು ಹೊಸಬಳೊಬ್ಬಳು ಬಂದಿದ್ದಾಳೆ. "ಏಳನೇ ಪಾಠ ಎಲ್ಲಿದೆ?" ಬೆಳಿಗ್ಗೆಯಿಂದ ಯಾರೂ ಉತ್ತರಿಸಿಲ್ಲ. ಎಲ್ಲರಿಗೂ ಗೊತ್ತು. ನನಗೆ ಬಿಟ್ಟಿದ್ದಾರೆ.

ಟೈಪ್ ಮಾಡಿದೆ. ಅಳಿಸಿದೆ. ಇಲ್ಲಿ ಮೊದಲು ಬರೆದು ನೋಡುತ್ತೇನೆ —

"ಏಳನೇ ಪಾಠ ಇಲ್ಲ, ಮಗಳೇ. ಬರೀತಾ ಇದ್ದವಳನ್ನ ನಾನು ಬೈದು ಓಡಿಸಿದೆ."