ಕಿನ್ನಿಯ ಹೆಸರಿಗೆ ಚಿನ್ನದ ಅಂಚು

ಶಿರಿಯ
18 ನವೆಂಬರ್ 2025, ಮಂಗಳವಾರ

ಪ್ರೀತಿಯ ಇವರೇ,

ಹೆಸರು ಹಿಡಿದು ಬರೆಯೋಣವೆಂದರೆ ಕೈ ಬರುವುದಿಲ್ಲ. ಲಕೋಟೆಯ ಮೇಲೆ ಪ್ರವೀತ್ ಎಂದು ದೊಡ್ಡದಾಗಿ ಬರೆದಿದ್ದೇನೆ, ಅಷ್ಟು ಸಾಕು. ಹೇಗಿದ್ದೀರಿ? ಸೊಂಟನೋವು ಕಡಿಮೆಯಾಯಿತೇ? ಎಸಿ ರಿಪೇರಿಗೆ ಮೇಲೆ ಹತ್ತುವಾಗ ನಿಜವಾಗಿಯೂ ಬೆಲ್ಟು ಕಟ್ಟಿಕೊಳ್ಳುತ್ತೀರೋ, ಅಥವಾ ಅದು ನನಗೆ ಹೇಳುವುದಕ್ಕೆ ಮಾತ್ರವೋ? ಇಲ್ಲಿ ನಾವಿಬ್ಬರೂ ಕ್ಷೇಮ. ಅತ್ತೆಯ ಶುಗರ್ ಹತೋಟಿಯಲ್ಲಿದೆ, ಬಾಯಿ ಮಾತ್ರ ಇಲ್ಲ. ಮೊನ್ನೆ ಚಹಾಕ್ಕೆ ಸಕ್ಕರೆ ಹಾಕಲಿಲ್ಲವೆಂದು ಮೀನಿನವಳ ಎದುರು ನನ್ನ ಮೇಲೆ ದೂರು ಹೇಳಿದರು. ಆಚೆಮನೆಯ ವಿಜೇತ್ ರಜೆ ಮುಗಿಸಿ ನಾಳೆ ಶಾರ್ಜಾಕ್ಕೆ ಹೊರಡುತ್ತಾರಲ್ಲ, ಅವರ ಬ್ಯಾಗಿನಲ್ಲಿ ನಮಗೂ ಎರಡು ಕಿಲೋದಷ್ಟು ಜಾಗ ಸಿಕ್ಕಿದೆ. ಒಣಸಿಗಡಿ ಚಟ್ನಿ, ಹಲಸಿನ ಹಪ್ಪಳ, ಅತ್ತೆ ತಾವೇ ಕಾಯಿಸಿದ ತೆಂಗಿನೆಣ್ಣೆ ಇಟ್ಟಿದ್ದೇನೆ. ಎಣ್ಣೆಯ ಬಾಟಲಿಗೆ ಮೂರು ಪ್ಲಾಸ್ಟಿಕ್ ಸುತ್ತಿದ್ದೇನೆ, ಆದರೂ ಈ ಕಾಗದಕ್ಕೆ ಎಣ್ಣೆ ತಾಗಿದರೆ ಬಿಸಿಲಿಗೆ ಹಿಡಿದು ಓದಿ.

ಈ ಕಾಲದಲ್ಲಿ ಕಾಗದ ಬರೆಯುವುದೇ ಎಂದು ನಿಮಗೆ ನಗು ಬರಬಹುದು. ಫೋನಿನಲ್ಲಿ ಹೇಳಿ ನೋಡಿದೆನಲ್ಲ, ಆದಿತ್ಯವಾರ. ನಿಮ್ಮ ರೂಮಿನಲ್ಲಿ ಆರು ಮಂದಿ. ನಾನು ಅತ್ತರೆ ನೀವು ಅವರ ಎದುರು ನಗಲೇಬೇಕಾಗುತ್ತದೆ, ನಿಮ್ಮ ಕಷ್ಟ ನನಗೆ ಗೊತ್ತು. "ಆಟವಲ್ವಾ ಮಾರಾಯ್ತಿ, ಮುಂದಿನ ವರ್ಷ ಆಡಿದ್ರಾಯ್ತು" ಎಂದು ಇಟ್ಟುಬಿಟ್ಟಿರಿ. ಆ ಮೇಲೆ ಎರಡು ದಿನ ನಾನು ಅನ್ನ, ಸಾರು, ಮಳೆ ಎಂದು ಮಾತಾಡಿದೆ. ಒಳಗಿನದ್ದು ಒಳಗೇ ಇದೆ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ, ಮಧ್ಯದಲ್ಲಿ ನಿಲ್ಲಿಸದೆ ಓದಿ.

ಆ ಆಟ ನಮ್ಮ ಮನೆಗೆ ಬಂದದ್ದು ಹೇಗೆಂದು ನೆನಪು ಮಾಡಿಕೊಳ್ಳಿ. ಮದುವೆಯಾಗಿ ನಲವತ್ತು ದಿನಕ್ಕೆ ನೀವು ವಿಮಾನ ಹತ್ತಿದಿರಿ. ಅಲ್ಲಿಂದ ವಾಟ್ಸಾಪಿನಲ್ಲಿ ಮಾತಾಡಲು ಆಗುವುದಿಲ್ಲ, ಬೇರೆ ಆ್ಯಪಿಗೆ ತಿಂಗಳು ತಿಂಗಳು ಪ್ಯಾಕ್ ಹಾಕಬೇಕು. ನಿಮ್ಮ ರೂಮಿನವರೇ ಯಾರೋ ಉಪಾಯ ಹೇಳಿಕೊಟ್ಟರು: ಆನ್‌ಲೈನ್ ಆಟದೊಳಗೆ ಹೋದರೆ ಆಡುವವರು ಒಬ್ಬರಿಗೊಬ್ಬರು ಮಾತಾಡಬಹುದು, ಖಾತೆ ತೆರೆಯಲು ಕಾಸು ಬೇಡ. ಹಾಗೆ ಇಬ್ಬರೂ ಒಂದೊಂದು ಪುಕ್ಕಟೆ ಖಾತೆ ತೆರೆದೆವು. ನೀವು ಕತ್ತಿ ಹಿಡಿದವರಾದಿರಿ. ನಾನು ನನ್ನ ಪಾತ್ರಕ್ಕೆ ಕಿನ್ನಿ ಎಂದು ಹೆಸರಿಟ್ಟೆ. ಒಂದು ಮರದ ಸೇತುವೆಯ ಮೇಲೆ ಕುಳಿತು ಮಾತಾಡುತ್ತಿದ್ದೆವು, ನಿಮ್ಮ ರೂಮಿನವರು ಮಲಗಿದ ಮೇಲೆ ಅಲ್ಲೇ ಬರೆದುಕೊಳ್ಳುತ್ತಿದ್ದೆವು. ಮಾತಿನ ಮಧ್ಯೆ ತೋಳ ಬಂದು ನಿಮ್ಮನ್ನು ಕೊಂದುಹಾಕುತ್ತಿತ್ತು, ನೀವು ಸತ್ತು ಬಿದ್ದಲ್ಲಿಂದಲೇ "ಇವತ್ತು ಊಟಕ್ಕೆಂತ?" ಎಂದು ಕೇಳುತ್ತಿದ್ದಿರಿ. ನಿಮ್ಮನ್ನು ಉಳಿಸಿಕೊಳ್ಳಲೆಂದೇ ನಾನು ಮದ್ದಿನ ವಿದ್ಯೆ ಕಲಿತದ್ದು. ಪೆಟ್ಟು ತಿಂದವರಿಗೆ ಮತ್ತೆ ಜೀವ ತುಂಬುವ ಕೆಲಸ. ಅದರಲ್ಲಿ ನನ್ನ ಕೈ ಚುರುಕು ಎಂದು ಗೊತ್ತಾದದ್ದು ಆಗಲೇ. ಶಾಲೆಯಲ್ಲಿ ಲಗೋರಿಗೂ ನನ್ನನ್ನು ಕೊನೆಗೆ ಕರೆಯುತ್ತಿದ್ದರು, ನಿಮಗೆ ಹೇಳಿದ್ದೆನಲ್ಲ.

ಒಂದು ವರ್ಷದ ನಂತರ ನೀವು ಮಾತಿನ ಪ್ಯಾಕ್ ಹಾಕಿಸಿಕೊಂಡಿರಿ, ಸೇತುವೆಯಿಂದ ಎದ್ದು ಹೋದಿರಿ. ನಾನು ಹೋಗಲಿಲ್ಲ. ಅಡೂರಿನ ಮೋಕ್ಷಿತಾ ಅಲ್ಲೇ ಪರಿಚಯವಾದಳು, ಕಾಲೇಜಿಗೆ ಹೋಗುವ ಹುಡುಗಿ. ಅವಳಿಂದ ಜಯಂತ್, ಅವಿನಾಶ. ನಾಲ್ಕು ಜನರ ತಂಡವಾಯಿತು. ಅವಿನಾಶ ದೇವಸ್ಥಾನದ ಮಧ್ಯಾಹ್ನದ ಪೂಜೆ ಮುಗಿಸಿ ಬರುವವರೆಗೆ ನಾವು ಮೂವರೂ ಕಾಯುತ್ತೇವೆ. ನಾಲ್ವರದ್ದೂ ಪುಕ್ಕಟೆ ಖಾತೆಗಳೇ. ಕಳೆದ ಸಲ ರಜೆಗೆ ಬಂದಾಗ ನೀವು ಹಿಂದೆ ನಿಂತು ನೋಡಿ ಹೇಳಿದ್ದಿರಿ, "ಪುಕ್ಕಟೆ ಅಕೌಂಟಲ್ಲಿ ಎಂತ ಸ್ಪರ್ಧೆ? ನಾನಲ್ಲಿ ಇರುವುದು ಮತ್ತೆ ಎಂತಕ್ಕೆ?" ನಾನು ಆಟ ಬಿಟ್ಟು ಎದ್ದುಹೋಗಿ ಮೀನಿಗೆ ಮಸಾಲೆ ಹಚ್ಚಿದೆ. ಆ ಪ್ರಶ್ನೆಗೆ ಉತ್ತರ ಈಗ ಕೊಡುತ್ತೇನೆ.

ನೀವು ಹೇಳಿದ್ದು ಅರ್ಧ ಸರಿ. ಹಣ ಕಟ್ಟಿದವರು ಒಂದು ಪಂದ್ಯದಲ್ಲಿ ಆರು ವಿದ್ಯೆ ಬಳಸಬಹುದು, ನಮಗೆ ನಾಲ್ಕೇ. ಒಳ್ಳೆಯ ಸಾಮಾನು ಸಿಗುವ ಗುಹೆಗೆ ಅವರು ದಿನಕ್ಕೆ ಮೂರು ಸಲ ಹೋಗಬಹುದು, ನಾವು ಒಂದೇ ಸಲ. ಅವರು ಒಂದು ವಾರದಲ್ಲಿ ಪಡೆಯುವ ಕವಚಕ್ಕೆ ನಾನು ಮೂರು ವಾರ ಮೈ ಮುರಿದು ದುಡಿಯಬೇಕು. ಎಲ್ಲರೂ ಸೇರುವ ಪಂದ್ಯಗಳಲ್ಲಿ ನಾವು ಹತ್ತಕ್ಕೆ ಏಳು ಸೋತಿದ್ದೇವೆ, ಆಟ ಬಾರದೆ ಸೋತದ್ದಲ್ಲ, ಐದನೆಯ ವಿದ್ಯೆಯ ಗುಂಡಿ ಇಲ್ಲದೆ ಸೋತದ್ದು. ಅದು ಬಹಳ ಕೆಟ್ಟ ಸೋಲು. ಆದರೆ ಗೆದ್ದ ಆ ಮೂರು ಉಂಟಲ್ಲ, ಅವು ನನ್ನವು. ನಾಲ್ಕೇ ವಿದ್ಯೆ ಇರುವವಳು ಯಾವುದನ್ನೂ ಹಾಳು ಮಾಡುವ ಹಾಗಿಲ್ಲ; ಎದುರಿನವನು ಕತ್ತಿ ಎತ್ತುವ ಮೊದಲೇ ಯಾರಿಗೆ ಪೆಟ್ಟು ಬೀಳುತ್ತದೆಂದು ನೋಡಿ ಕೈ ಇಡಬೇಕು. ಹಣ ಕಟ್ಟಿದ್ದರೆ ನಾನು ಅದನ್ನು ಕಲಿಯುತ್ತಲೇ ಇರಲಿಲ್ಲ. ಅದಕ್ಕೇ ಈ ವರ್ಷ ಪುಕ್ಕಟೆ ಖಾತೆಗಳಿಗೆ ಮಾತ್ರ ಎಂದು ಬೇರೆ ಲೀಗ್ ಶುರು ಮಾಡಿದಾಗ ನಾವು ನಾಲ್ವರೂ ಹಬ್ಬ ಬಂದ ಹಾಗೆ ಕುಣಿದದ್ದು. ಅಲ್ಲಿ ಎಲ್ಲರದ್ದೂ ನಾಲ್ಕೇ ವಿದ್ಯೆ. ಸೆಮಿಫೈನಲ್ ಗೆದ್ದ ತಂಡ ಜನವರಿಯಲ್ಲಿ ಕೊಚ್ಚಿಗೆ ಹೋಗಿ ವೇದಿಕೆಯ ಮೇಲೆ ಕುಳಿತು ಫೈನಲ್ ಆಡಬೇಕು. ನಾನು ಕಣ್ಣೂರಿನಿಂದ ಆಚೆ ಹೋದವಳಲ್ಲ.

ಇನ್ನೊಂದು ಮಾತೂ ಹೇಳಬೇಕು, ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಪುಕ್ಕಟೆ ಎನ್ನುವುದು ಪೂರಾ ಸುಳ್ಳು. ಹಣದ ಬದಲು ಹೊತ್ತು ಕೊಟ್ಟಿದ್ದೇನೆ, ಅದರಲ್ಲಿ ಸ್ವಲ್ಪ ನಿಮ್ಮದು. ನೀವು ಕರೆ ಮಾಡಿದಾಗ ಎಷ್ಟೋ ಸಲ "ಅತ್ತೆ ಕರೀತಿದ್ದಾರೆ, ಇಡ್ತೇನೆ" ಎಂದಿದ್ದೇನೆ. ಅತ್ತೆ ಕರೆದಿರಲಿಲ್ಲ. ಪಂದ್ಯ ಶುರುವಾಗಿತ್ತು. ನಿಮಗೆ ಅದು ಗೊತ್ತಾಗಿದೆಯೆಂದು ನನಗೆ ಅನುಮಾನ. ಕಿನ್ನಿ ಒಳಗೆ ಇದ್ದಾಳೋ ಇಲ್ಲವೋ ಎಂದು ನಿಮ್ಮ ಖಾತೆಯಿಂದ ನೋಡಿದರೆ ಕಾಣುತ್ತದಲ್ಲ. ನೀವು ಒಂದು ದಿನವೂ ಕೇಳಲಿಲ್ಲ. ಕೇಳಿ ಬೈದಿದ್ದರೆ ಒಳ್ಳೆಯದಿತ್ತು.

ಬೈಯುವ ಬದಲು ಉಡುಗೊರೆ ಕೊಟ್ಟಿರಿ. ನಮ್ಮಲ್ಲಿ ಬ್ಯಾಂಕಿನ ಪಿನ್, ರೇಶನ್ ಕಾರ್ಡಿನ ಒಟಿಪಿ, ಗ್ಯಾಸ್ ಬುಕ್ಕಿಂಗ್, ಎಲ್ಲವೂ ಇಬ್ಬರಿಗೂ ಗೊತ್ತು. ಕಿನ್ನಿಯ ಪಾಸ್‌ವರ್ಡೂ ಹಾಗೆಯೇ ಗೊತ್ತಿತ್ತು. ಗಲ್ಫಿನಿಂದ ಬರುವವರು ಹೆಂಡತಿಗೆ ಕೇಳಿ ತರುವುದಿಲ್ಲ, ತಂದು ಮಂಚದ ಮೇಲೆ ಹರಡುತ್ತಾರೆ. ಸೆಂಟು, ಟಾರ್ಚು, ಕಂಬಳಿ, ಬೇಕೋ ಬೇಡವೋ ಕೇಳುವ ಕ್ರಮ ಇಲ್ಲ. ನೀವು ನನ್ನ ಹುಟ್ಟುಹಬ್ಬಕ್ಕೆಂದು ನನ್ನ ಖಾತೆಯೊಳಗೆ ಹೋಗಿ ಒಂದು ವರ್ಷದ ಚಂದಾ ಕಟ್ಟಿದಿರಿ. ಪ್ರೀತಿಯಿಂದಲೇ ಕಟ್ಟಿದಿರಿ, ನನಗೆ ಗೊತ್ತು. ಅದಕ್ಕೇ ಇಷ್ಟು ಕಷ್ಟವಾಗುತ್ತಿದೆ.

ಆದಿತ್ಯವಾರ ಮಧ್ಯಾಹ್ನ ಎರಡು ಗಂಟೆಗೆ ಸೆಮಿಫೈನಲ್. ಅತ್ತೆಗೆ ಬಡಿಸಿ, ಬಾಗಿಲು ಹಾಕಿ ಕುಳಿತೆ. ಮೋಕ್ಷಿತಾಳ ಮನೆಯಲ್ಲಿ ರೇಂಜ್ ನಿಲ್ಲುವುದಿಲ್ಲ, ಅವಳು ಬಸ್ಸು ಹತ್ತಿ ಮುಳ್ಳೇರಿಯದ ಚಿಕ್ಕಮ್ಮನ ಮನೆಗೆ ಬಂದಿದ್ದಳು. ಒಳಗೆ ಹೋಗಿ ನೋಡುತ್ತೇನೆ, ಕಿನ್ನಿಯ ಹೆಸರಿನ ಸುತ್ತ ಚಿನ್ನದ ಅಂಚು. ಹಣ ಕಟ್ಟಿದವರ ಗುರುತು. ನಾನು ಬೇರೆ ಯಾರದ್ದೋ ಖಾತೆ ತೆರೆದಿದ್ದೇನೆಂದು ಹೊರಬಂದು ಮತ್ತೆ ಹೋದೆ. ಮೋಕ್ಷಿತಾ ಕೇಳಿದಳು, "ಅಕ್ಕಾ, ನಿಮ್ಮ ಹೆಸರಿಗೆ ಚಿನ್ನ ಉಂಟಲ್ಲ? ಯಾವಾಗ ತೆಗೊಂಡದ್ದು?" ಒಂದು ಸಲವಾದರೂ ಹಣ ಕಟ್ಟಿದ ಖಾತೆ ಈ ಲೀಗಿಗೆ ಸಲ್ಲುವುದಿಲ್ಲ, ಆ ನಿಯಮ ಓದಿ ಒಪ್ಪಿ ನಾಲ್ವರ ಪರವಾಗಿ ಅರ್ಜಿ ತುಂಬಿದವಳೇ ನಾನು. ಎರಡು ನಿಮಿಷದಲ್ಲಿ ನಮ್ಮ ತಂಡವನ್ನು ಹೊರಗೆ ಹಾಕಿದರು. ಜಯಂತ್ ಕೂಡಲೇ ಹೊರಗೆ ಹೋದ. ಅವಿನಾಶ "ಇರಲಿ" ಎಂದ. ಮೋಕ್ಷಿತಾ ಮಾತ್ರ ಹೋಗಲಿಲ್ಲ. "ನಮಗೆ ಹೇಳಬಹುದಿತ್ತಲ್ಲ ಅಕ್ಕಾ" ಎಂದಳು. ಆ ಮಾತು ಎರಡು ದಿನದಿಂದ ನನ್ನ ಕಿವಿಯಿಂದ ಹೋಗುತ್ತಿಲ್ಲ. ಕಟ್ಟಿದ್ದು ನೀವೆಂದು ನನಗೆ ಗೊತ್ತಾದದ್ದು ಆ ಮೇಲೆ, ನಿಮಗೆ ಫೋನು ಮಾಡಿದಾಗ.

ನಿನ್ನೆ ಲೀಗಿನವರು ಬರೆದಿದ್ದಾರೆ. ಹಣ ಕಟ್ಟಿದ್ದು ನಾನೇ ಎಂದಾದರೆ ತಂಡಕ್ಕೆ ಒಂದು ವರ್ಷ ಬಹಿಷ್ಕಾರ. ನನ್ನ ಒಪ್ಪಿಗೆಯಿಲ್ಲದೆ ಬೇರೆಯವರು ಖಾತೆಗೆ ನುಗ್ಗಿ ಕಟ್ಟಿದ್ದೆಂದಾದರೆ ನಾನು ದೂರು ಕೊಡಬೇಕು. ಆಗ ಚಂದಾ ರದ್ದು ಮಾಡಿ ಖಾತೆಯನ್ನು ಮೊದಲಿನಂತೆ ಮಾಡುತ್ತಾರೆ, ಸೆಮಿಫೈನಲ್ ಮತ್ತೆ ಆಡಬಹುದು. ಆದರೆ ನುಗ್ಗಿದವರ ಸ್ವಂತ ಖಾತೆ ಇದ್ದರೆ ಅದನ್ನು ಶಾಶ್ವತವಾಗಿ ಅಳಿಸುತ್ತಾರೆ. ಅಂದರೆ ನಿಮ್ಮದು. ಅದರೊಂದಿಗೆ ನಾವು ಮೊದಲ ವರ್ಷ ಸೇತುವೆಯಲ್ಲಿ ಕುಳಿತು ಒಬ್ಬರಿಗೊಬ್ಬರು ಬರೆದದ್ದೂ ಹೋಗುತ್ತದೆ. ಉತ್ತರ ಕೊಡಲು ಇವತ್ತು ಸಂಜೆ ಆರರವರೆಗೆ ಸಮಯ.

ಉಪ್ಪಳದ ಜೆರಾಕ್ಸ್ ಅಂಗಡಿಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ, ಊಟದ ಹೊತ್ತು, ಗಿರಾಕಿಗಳಿಲ್ಲ. ದಿನಕ್ಕೆ ಮೂವತ್ತು ಜನರ ಅರ್ಜಿ ತುಂಬುವವಳು ನಾನು. ಮಲಯಾಳದ ಫಾರಂ ಹಿಡಿದು "ಇದರಲ್ಲಿ ಎಂತ ಉಂಟು, ಓದಿ ಹೇಳು ಮಗಾ" ಎಂದು ಬರುವವರಿಗೆಲ್ಲ ಇದ್ದದ್ದನ್ನು ಇದ್ದ ಹಾಗೆ ಬರೆಸುತ್ತೇನೆ. ನನ್ನದೇ ಒಂದು ಫಾರಂ ಬೆಳಗ್ಗಿನಿಂದ ಖಾಲಿ ಇದೆ. ಗಂಡನನ್ನು ಕಳ್ಳನೆಂದು ಬರೆಯುವುದೇ? ನಾನೇ ಕಟ್ಟಿದೆ ಎಂದು ಬರೆದುಬಿಡುತ್ತೇನೆ. ಆ ಮೂವರು ನನ್ನನ್ನು ಮೋಸಗಾರ್ತಿ ಎಂದುಕೊಳ್ಳಲಿ, ದೂರದವರಲ್ಲವೇ, ಎಷ್ಟು ದಿನ ನೆನಪಿಟ್ಟಾರು. ನಮ್ಮಿಬ್ಬರ ನಡುವೆ ಒಂದು ಆಟ ಬರುವುದು ಬೇಡ. ಹಾಗೆಂದು ತೀರ್ಮಾನ ಮಾಡಿದ್ದೇನೆ.

ಆರೋಗ್ಯ ನೋಡಿಕೊಳ್ಳಿ. ರೂಮಿನವರಿಗೆಲ್ಲ ನನ್ನ ನಮಸ್ಕಾರ ತಿಳಿಸಿ, ಚಟ್ನಿಯಲ್ಲಿ ಅವರಿಗೂ ಪಾಲು ಕೊಡಿ. ಮುಗೇರಿನ ದೈವ ನಿಮ್ಮನ್ನು ಎತ್ತರದಲ್ಲಿ ಕಾಯಲಿ ಎಂದು ಅತ್ತೆ ಹೇಳಿದ್ದಾರೆ, ಅವರ ಮಾತಿನಲ್ಲೇ ಬರೆಯಬೇಕೆಂದು ಅಪ್ಪಣೆ. ನನ್ನದೂ ಅದೇ.

ಇತಿ ನಿಮ್ಮ,
ಭವ್ಯಶ್ರೀ

ಮರೆತ ಮಾತು: ಇದನ್ನು ಮನೆಯಲ್ಲಿ ನಿಂತುಕೊಂಡು ಬರೆಯುತ್ತಿದ್ದೇನೆ, ವಿಜೇತ್ ಪೊಟ್ಟಣಕ್ಕೆ ಬಂದು ಅಂಗಳದಲ್ಲಿ ಕಾಯುತ್ತಿದ್ದಾರೆ. ಐದು ಗಂಟೆಗೆ ಮನೆಗೆ ಬಂದಾಗ ಅತ್ತೆ ನನ್ನ ಮುಖ ನೋಡಿ ಕೇಳಿದರು, ಎಲ್ಲ ಹೇಳಿಬಿಟ್ಟೆ. ಅವರಿಗೆ ಆಟ ಅರ್ಥವಾಗಲಿಲ್ಲ. "ಅವ ಮಾಡಿದ್ದನ್ನು ನೀನು ಮಾಡಿದ್ದು ಅಂತ ಯಾಕೆ ಬರೆಯುವುದು?" ಎಂದು ಮಾತ್ರ ಕೇಳಿದರು, ಹಪ್ಪಳ ಕಟ್ಟುತ್ತಾ. ನಾನು ಫೋನು ತೆಗೆದು ಆ ಖಾಲಿ ಫಾರಂ ಬಿಡಿಸಿದೆ. ಐದೂ ಮುಕ್ಕಾಲಿಗೆ ದೂರು ಕಳುಹಿಸಿದೆ. ನುಗ್ಗಿದವರು ಯಾರೆಂದು ಗೊತ್ತೇ ಎಂಬಲ್ಲಿ "ಗೊತ್ತು, ನನ್ನ ಗಂಡ" ಎಂದು ಬರೆದಿದ್ದೇನೆ. ಒಪ್ಪಿಗೆ ಇತ್ತೇ ಎಂಬಲ್ಲಿ "ಇಲ್ಲ". ಈ ಕಾಗದ ನಿಮ್ಮ ಕೈ ಸೇರುವಾಗ ನಿಮ್ಮ ಖಾತೆ ಇರುವುದಿಲ್ಲ. ಸೇತುವೆಯ ಮಾತುಗಳನ್ನು ಉಳಿಸಿಕೊಳ್ಳಲು ಹೊತ್ತು ಸಾಲಲಿಲ್ಲ, ಅದಕ್ಕೆ ಅಳುತ್ತಿದ್ದೇನೆ, ಆದರೆ ಬರೆದದ್ದನ್ನು ಹಿಂದೆ ತೆಗೆದುಕೊಳ್ಳುವುದಿಲ್ಲ. ಪಂದ್ಯ ಬರುವ ಆದಿತ್ಯವಾರ ಎರಡು ಗಂಟೆಗೆ, ನಿಮ್ಮಲ್ಲಿ ಹನ್ನೆರಡೂವರೆ. ಸಿಟ್ಟು ಇಳಿದಿದ್ದರೆ ಹೊಸ ಹೆಸರಿನಲ್ಲಿ ಬನ್ನಿ, ನಾನು ಆಡುವುದನ್ನು ನೀವು ಒಮ್ಮೆಯೂ ಪೂರ್ತಿ ನೋಡಿಲ್ಲ. ನೋಡುವುದಕ್ಕೆ ಪುಕ್ಕಟೆ ಖಾತೆ ಸಾಕು.