ಸೊಂಟದ ಹೊಲಿಗೆ ಬಿಚ್ಚಲಿಲ್ಲ

ಅಂಗಡಿಯ ಮೇಲಿನ ಕೋಣೆ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಮೊಂಡಿಗೆ,

ಹೇಗಿದ್ದೀಯೆ? ಬೆನ್ನುನೋವು ಇಳಿಯಿತೇ? ಹೊಸ ಬಸ್ಸಿನಲ್ಲಿ ಡ್ರೈವರ್ ಸೀಟು ಮೆತ್ತಗಿದೆ ಎಂದು ನೀನು ಬರೆದಿದ್ದೆ. ಸೀಟು ಮೆತ್ತಗಾದಷ್ಟೂ ಕೂತವರು ಏಳುವುದಿಲ್ಲ, ಅದೇ ನನ್ನ ಚಿಂತೆ. ನಿನ್ನ ಭಾವ ಎಂದಿನಂತೆ ರೇಡಿಯೋ ಜೊತೆ ಜಗಳವಾಡುತ್ತಾ ಆರಾಮಾಗಿದ್ದಾರೆ.

ನೀನು ಕಳಿಸಿದ ಸಮವಸ್ತ್ರದ ಎರಡು ಪ್ಯಾಂಟುಗಳು ಈ ಪತ್ರದ ಜೊತೆಗೇ ವಾಪಸು ಬರುತ್ತಿವೆ. "ಅಕ್ಕಾ, ಸೊಂಟ ಒಂಚೂರು ಬಿಚ್ಚಿ ಸಡಿಲ ಮಾಡ್ಕೊಡು, ಕೂತ್ರೆ ಹಿಡಿಯತ್ತೆ" ಅಂದಿದ್ದೆಯಲ್ಲ, ಬಿಚ್ಚಿಲ್ಲ. ಮುಖ ಊದಿಸಿಕೊಳ್ಳಬೇಡ, ಪೂರ್ತಿ ಓದು. ನೀನೊಮ್ಮೆ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಫೋನಿನಲ್ಲಿ ಈ ಮಾತು ಎತ್ತಿದಾಗಲೆಲ್ಲ ಸಿಗ್ನಲ್ ಹೋಯಿತು ಎಂದು ಇಟ್ಟುಬಿಡುತ್ತೀಯ. ಪತ್ರದಲ್ಲಿ ಸಿಗ್ನಲ್ ಹೋಗುವುದಿಲ್ಲ.

ಬೇರೆ ಹೆಂಗಸರಿಗೆ ಬಟ್ಟೆಯೇ ಎಚ್ಚರಿಕೆ ಕೊಡುತ್ತದೆ. ಗುಂಡಿ ಹಾಕುವಾಗ ಉಸಿರು ಬಿಗಿಹಿಡಿಯಬೇಕಾದ ದಿನ ಅವರಿಗೆ ತಿಳಿಯುತ್ತದೆ. ದರ್ಜಿಯಾದ ನನಗೆ ಆ ಭಾಗ್ಯವೂ ಇರಲಿಲ್ಲ. ನಾನು ನನ್ನ ಉಡುಪಿಗೆಲ್ಲ ಒಳಗೆ ಎರಡು ಬೆರಳು ಹೆಚ್ಚಿಗೆ ಬಟ್ಟೆ ಬಿಟ್ಟೇ ಹೊಲಿಯುವವಳು. ಬಿಗಿಯಾಯಿತೋ, ಗಿರಾಕಿ ಇಲ್ಲದ ಹೊತ್ತು ನೋಡಿ ಬಿಚ್ಚಿ ಇನ್ನೊಂದು ಹೊಲಿಗೆ ಎಳೆದರೆ ಮುಗಿಯಿತು. ಮುಟ್ಟು ನಿಂತ ಮೇಲೆ ಮೂರು ವರ್ಷ ಹೀಗೇ ಸಾಗಿತು. ಕನ್ನಡಿಯಲ್ಲಿ ಬಟ್ಟೆ ಸರಿಯಾಗಿ ಕೂತಿದೆ, ಅಂದಮೇಲೆ ನಾನೂ ಸರಿಯಾಗಿದ್ದೇನೆ ಎಂದುಕೊಂಡೆ. ಊರವರ ಸೊಂಟವನ್ನೆಲ್ಲ ಅಳೆದವಳು ನನ್ನದನ್ನು ಅಳೆಯಲಿಲ್ಲ. ದೀಪದ ಬುಡದಲ್ಲೇ ಕತ್ತಲೆ. ಬಿಚ್ಚಲು ಒಳಗೆ ಬಟ್ಟೆಯೇ ಉಳಿಯದ ದಿನ ಮೊದಲು ನಗು ಬಂತು, ಆಮೇಲೆ ಹೆದರಿಕೆಯಾಯಿತು. ಕ್ಲಿನಿಕ್ಕಿಗೆ ಹೋದರೆ ಸಕ್ಕರೆಯೂ ಏರಿತ್ತು, ರಕ್ತದ ಕೊಬ್ಬೂ ಏರಿತ್ತು.

"ದಿನವಿಡೀ ಮಿಷನ್ ತುಳೀತೀನಲ್ಲ ಡಾಕ್ಟ್ರೇ, ಅದು ವ್ಯಾಯಾಮ ಅಲ್ವಾ?" ಎಂದು ವಾದಿಸಿದೆ. "ಅದು ನಿಮ್ಮ ಪಾದಕ್ಕೆ ಆಯ್ತು, ಮಿಕ್ಕಿದ್ದೆಲ್ಲ ಕೂತೇ ಇದೆ" ಅಂದರು ಆಕೆ. ಮುಟ್ಟು ಇರುವಷ್ಟು ಕಾಲ ಹೆಣ್ಣಿನ ಹಾರ್ಮೋನು ಸದ್ದಿಲ್ಲದೆ ನಮ್ಮನ್ನು ಒಂದಷ್ಟು ಕಾಪಾಡುತ್ತದಂತೆ. ನಿಂತ ಮೇಲೆ ಕೊಬ್ಬು ಹೊಟ್ಟೆ ಸೇರುತ್ತದಂತೆ, ಸ್ನಾಯು ಕರಗುತ್ತದಂತೆ, ರಕ್ತದ ಸಕ್ಕರೆಯನ್ನು ಹೀರಬೇಕಾದದ್ದೇ ಆ ಸ್ನಾಯುವಂತೆ. ಬರೀ ನಡಿಗೆ ಸಾಲದು, ಭಾರವೂ ಎತ್ತಿ ಎಂದರು. ಹಾಗಾಗಿ ಈಗ ಗ್ರಂಥಾಲಯದ ಹಿಂದಿನ ವ್ಯಾಯಾಮಶಾಲೆಯಲ್ಲಿ ಸಂಜೆ ಹೊತ್ತು ಕಬ್ಬಿಣ ಎತ್ತುತ್ತೇನೆ. ನಗು, ಪರವಾಗಿಲ್ಲ. ನಿನ್ನ ಭಾವ "ಇನ್ಮೇಲೆ ನಿನ್ ಜೊತೆ ಜಗಳಕ್ಕೆ ಯೋಚ್ನೆ ಮಾಡೇ ಬರ್ಬೇಕು" ಅಂದರು. ನನ್ನ ಪಕ್ಕದಲ್ಲಿ ಎತ್ತುವ ಅಂಚೆ ಕಚೇರಿಯವಳು ನಿನ್ನ ವಯಸ್ಸಿನವಳು, ಮುಟ್ಟು ಇನ್ನೂ ನಿಂತಿಲ್ಲ. ಅವಳ ತೋಳು ಎರಡೇ ತಿಂಗಳಲ್ಲಿ ಗಟ್ಟಿಯಾಯಿತು, ನನ್ನದು ಈಗೀಗ ಮಾತು ಕೇಳುತ್ತಿದೆ. ಹೊಟ್ಟೆಕಿಚ್ಚಾಗುತ್ತದೆ, ಸುಳ್ಳೇಕೆ ಹೇಳಲಿ. ತೂಕದ ಮುಳ್ಳು ಅಲುಗಿಲ್ಲ, ಆದರೆ ಸಕ್ಕರೆ ಇಳಿದಿದೆ, ಬಟ್ಟೆಯ ಗಂಟು ಹೊತ್ತು ಮಹಡಿ ಹತ್ತಿದರೆ ಏದುಸಿರು ಬರುವುದಿಲ್ಲ.

ಮುಟ್ಟು ಆಗಾಗ ತಪ್ಪುತ್ತಿದೆ, ತೊಲಗಿದರೆ ಸಾಕು ಎಂದು ನೀನು ಬರೆದಿದ್ದೆ. ನನಗೂ ಹಾಗೇ ಶುರುವಾದದ್ದು. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದವಳು ನಾನು, ನೀನು ಈಗಲೇ ತೋಡು. ಅಮ್ಮ ಹೋದ ಮೇಲೆ ನನ್ನವಳು ಅಂತ ಉಳಿದಿರುವುದು ನೀನೊಬ್ಬಳು. ನಿನ್ನ ವಿಷಯದಲ್ಲಿ ನನಗೆ ನಿಜಕ್ಕೂ ಭಯವಾಗಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಬಸ್ಸು ನಿಂತಲ್ಲಿ ಇಳಿದು ನಾಲ್ಕು ಹೆಜ್ಜೆ ಹಾಕು. ಕಲ್ಲುಗುಂಡಿನ ಹಾಗೆ ಗಟ್ಟಿಯಾಗಿ ಬಾಳು.

ನಿನ್ನ
ಅಕ್ಕ

ವಿ.ಸೂ.: ನಿನಗೆ ಬುದ್ಧಿ ಕಲಿಸಲೆಂದೇ ಪ್ಯಾಂಟು ಹಾಗೇ ಕಳಿಸಿದೆ ಎಂದು ನಂಬಿಸಿಬಿಡೋಣ ಎಂದುಕೊಂಡಿದ್ದೆ, ಮನಸ್ಸು ಒಪ್ಪಲಿಲ್ಲ. ಮೊದಲು ಬಿಚ್ಚಲೆಂದೇ ಕೂತೆ. ಕಪ್ಪು ಬಟ್ಟೆಯ ಮೇಲಿನ ಕಪ್ಪು ದಾರ ನನಗೆ ಕಾಣಲಿಲ್ಲ. ಸಕ್ಕರೆ ಇದೆ ಎಂದು ಗೊತ್ತಾಗುವಷ್ಟರಲ್ಲೇ ಅದು ಕಣ್ಣಿನ ಒಳಪರದೆಯನ್ನು ಕೆಡಿಸಿತ್ತಂತೆ. ಕಣ್ಣಿಗೇ ಇಂಜೆಕ್ಷನ್ ಕೊಡುತ್ತಿದ್ದಾರೆ, ಇರುವಷ್ಟು ದೃಷ್ಟಿ ಉಳಿಯಬಹುದು ಎನ್ನುತ್ತಾರೆ. ನಾನು ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹೊಲಿದೇನು. ನೀನು ಬೆನ್ನ ಹಿಂದೆ ಐವತ್ತು ಜನರನ್ನು ಕೂರಿಸಿಕೊಂಡು ಹೋಗುವವಳು. ನಾಳೆಯೇ ಪರೀಕ್ಷೆ ಮಾಡಿಸು.