ಮೌನ ಸಾಕು

ವೇಲಚೇರಿ, ಚೆನ್ನೈ
೧೬ ಫೆಬ್ರವರಿ ೨೦೨೫, ಭಾನುವಾರ

ರೀ,

ಮೂವತ್ತೊಂದು ವರ್ಷ ನಿಮ್ಮನ್ನು ಕರೆದದ್ದು ಈ ಒಂದೇ ಅಕ್ಷರದಿಂದ. ಈಗ ಮುಂದೆ ‘ಪ್ರೀತಿಯ’ ಅಂತ ಸೇರಿಸಿದರೆ, ಇದು ಬೇರೆ ಯಾರಿಗೋ ಬರೆದದ್ದು ಅಂತ ನೀವು ಕವರು ವಾಪಸ್ ಕಳಿಸಿಬಿಟ್ಟೀರಿ. ಫೋನು ಆಫ್ ಮಾಡಿಕೊಂಡು ದಾವಣಗೆರೆಯಲ್ಲಿ ನಿಮ್ಮಕ್ಕನ ಮನೆ ಮಹಡಿ ಹತ್ತಿ ಕೂತವರಿಗೆ ಅಂಚೆಯವನೇ ಗತಿ. ಅದಕ್ಕೇ ಈ ಕಾಗದ.

ಮೊದಲು ಸಮಾಚಾರ, ಆಮೇಲೆ ಉಪಚಾರ. ಗೆದ್ದೆವು. ಮೌನ ನಮ್ಮಲ್ಲೇ ಇರುತ್ತದೆ. ನಿಮ್ಮನ್ನು ಯಾರೂ ಹುಡುಕುತ್ತಿಲ್ಲ. ಉಸಿರು ಬಿಡಿ. ಮೊನ್ನೆ ಗುರುವಾರ ನಾನು ಬಿಟ್ಟ ಉಸಿರಿಗೆ ಕ್ಯಾಲೆಂಡರು ಒಂದು ತಿಂಗಳು ಮುಂದಕ್ಕೆ ಹೋಗಿತ್ತು.

‘ನೀವು ಹೋದಾಗಿನಿಂದ ಮನೆಯಲ್ಲಿ ಬರೀ ಮೌನ’ ಅಂತ ಬೇರೆ ಹೆಂಡತಿಯರು ಬರೆದರೆ ಗಂಡಂದಿರಿಗೆ ಕರುಳು ಚುರುಕ್ ಅನ್ನುತ್ತದೆ. ನಮ್ಮ ಮನೆಯ ಮೌನವೋ, ಬೆಳಗಾಗುವ ಮೊದಲೇ ಬಾಲ್ಕನಿಯ ಕಂಬಿ ಹತ್ತಿ ಇಡೀ ಬಿ ಬ್ಲಾಕನ್ನು ಎಬ್ಬಿಸುತ್ತದೆ. ಒಕ್ಕಣ್ಣಿನ ಹುಂಜಕ್ಕೆ ಹುಡುಕಿ ಹುಡುಕಿ ಆ ಹೆಸರಿಟ್ಟ ಪುಣ್ಯಾತ್ಮರು ನೀವು. ಅಸೋಸಿಯೇಷನ್ ಮೀಟಿಂಗಿನಲ್ಲಿ ‘ಮೌನ ಗಲಾಟೆ ಮಾಡುತ್ತಿದೆ’ ಎಂಬ ದೂರಿಗೆ ನಗದೆ ಉತ್ತರ ಕೊಟ್ಟವಳು ನಾನು.

ಅದು ಮನೆಗೆ ಬಂದ ಬಗೆ ನಿಮಗೆ ಗೊತ್ತೇ ಇದೆ. ಆದರೂ ಹೇಳುತ್ತೇನೆ. ಠಾಣೆಯಲ್ಲಿ ಮೂರು ಸಲ ಒಪ್ಪಿಸಿ ಒಪ್ಪಿಸಿ ಬಾಯಿಪಾಠ ಆಗಿದೆ. ಹೋದ ವರ್ಷ ಪೊಂಗಲ್ ರಜೆ ಮುಗಿದ ಮಾರನೆಯ ದಿನ, ಪೆರುಂಗುಡಿಯಲ್ಲಿ ಟಯರ್ ಅಂಗಡಿ ಇಟ್ಟಿರುವ ನಿಮ್ಮ ಜೀವದ ಗೆಳೆಯ ತಿರುಮಲ, ಕಾಳಗದಲ್ಲಿ ಒಂದು ಕಣ್ಣು ಕಳೆದುಕೊಂಡ ತನ್ನ ಹುಂಜವನ್ನು ಸಾರಿಗೆ ಹಾಕಲು ಹೊರಟಿದ್ದ. ಸೌತೆಕಾಯಿಗಿಂತ ದೊಡ್ಡದೇನನ್ನೂ ಹೆಚ್ಚಿ ಗೊತ್ತಿಲ್ಲದ ನೀವು ಅಡ್ಡ ನಿಂತಿರಿ. ಅಷ್ಟು ಕನಿಕರ ಇದ್ದರೆ ನೀವೇ ಇಟ್ಟುಕೊಳ್ಳಿ ಸಾರ್ ಅಂತ ಅವನು ಚೀಲಕ್ಕೆ ಹಾಕಿ ಕೊಟ್ಟ. ನೀವು ಅದರ ಫೋಟೋ ತೆಗೆದು ನನ್ನ ವಾಟ್ಸಾಪಿಗೆ ಹಾಕಿದಿರಿ: ತಿರುಮಲ ಈ ಹುಂಜ ನಮಗೇ ಕೊಟ್ಟುಬಿಟ್ಟ, ಏನು ಮಾಡಲಿ? ಬ್ಯಾಂಕಿನಲ್ಲಿ ನನ್ನ ಕೌಂಟರಿನ ಮುಂದೆ ಬಾಗಿಲವರೆಗೆ ಸಾಲು. ಇನ್ನು ಈ ಹುಡುಗಾಟ ನಿಲ್ಲಿಸಿ ಎಂಬ ಅರ್ಥದಲ್ಲಿ ಎರಡಕ್ಷರ ಒತ್ತಿದೆ: ಸಾಕು.

ನೀವು ಸಾಕಲು ತಂದೇಬಿಟ್ಟಿರಿ! ಎಂ.ಎ. ಪರೀಕ್ಷೆಯಲ್ಲಿ ಶ್ಲೇಷೆಯ ಮೇಲೆ ಹದಿನಾರು ಪುಟ ಬರೆದವಳು, ಬದುಕಿನಲ್ಲಿ ಎದುರಾದ ಮೊದಲ ಶ್ಲೇಷೆಗೇ ಮುಗ್ಗರಿಸಿ ಬಿದ್ದೆ.

ಇಷ್ಟು ಕರುಣೆಯ ಮನುಷ್ಯರು ಕೋಳಿಕಾಳಗದ ಅದೇ ಕಣಕ್ಕೆ ತಿಂಗಳಿಗೊಂದು ಸಲ ಹೋಗುತ್ತಿದ್ದರು ಅಂತ ನನಗೆ ತಿಳಿದದ್ದು ಈ ಪೊಂಗಲ್ ಮುಗಿದ ಭಾನುವಾರ, ನೀವು ಒಂದೇ ಚಪ್ಪಲಿಯಲ್ಲಿ ಆಟೋ ಇಳಿದಾಗ. ಸಿರುಸೇರಿಯ ಆಚೆ ತೋಪಿಗೆ ಪೊಲೀಸರು ನುಗ್ಗಿದ್ದು, ತಿರುಮಲ ಎರಡು ಹುಂಜಗಳ ಸಮೇತ ಸಿಕ್ಕಿಬಿದ್ದದ್ದು, ನೀವು ಬೇಲಿ ಹಾರಿದ್ದು, ಎಲ್ಲಾ ಹೇಳಿದಿರಿ. ನಾನು ಬರೀ ನೋಡ್ತಿದ್ದೆ ಕಣೇ, ಪಂದ್ಯ ಕಟ್ತಿರಲಿಲ್ಲ ಅಂತ ಆಣೆ ಇಟ್ಟಿರಿ. ಅಂತೂ ಇಷ್ಟು ವರ್ಷ ನೀವು ಹೋದದ್ದು ವಾಕಿಂಗಿಗಲ್ಲ, ವಾಚಿಂಗಿಗೆ!

ಅವತ್ತು ಸಿಟ್ಟಿನಲ್ಲಿ ಹೇಳಲಾಗದ್ದನ್ನು ಈಗ ಸಮಾಧಾನದಲ್ಲಿ ಹೇಳುತ್ತೇನೆ. ಹುಂಜದ ಕಾಲಿಗೆ ಕತ್ತಿ ಕಟ್ಟುವವನು ಒಬ್ಬ. ಸುತ್ತ ನಿಂತು ಕಣ ಕಟ್ಟುವವರು ನೂರು ಜನ. ಯಾರೂ ನೋಡದ ಕಡೆ ಎರಡು ಹುಂಜ ಬಿಟ್ಟರೆ ಸ್ವಲ್ಪ ಹೊತ್ತು ಕುತ್ತಿಗೆ ಉಬ್ಬಿಸಿ, ಒಂದೆರಡು ಸಲ ಹಾರಿ, ಆಮೇಲೆ ಹುಳ ಹುಡುಕಲು ಹೋಗುತ್ತವೆ. ಕಾಲು ಕೆರೆದು ಜಗಳಕ್ಕೆ ಬರುವ ಪ್ರಾಣಿ ಅಂತ ಒಂದಿದ್ದರೆ ಅದು ಎರಡು ಕಾಲಿಗೂ ಚಪ್ಪಲಿ ಹಾಕುತ್ತದೆ. ಓಡುವಾಗ ಒಂದನ್ನು ಕಳೆದುಕೊಳ್ಳುತ್ತದೆ.

ಮಾರನೆಯ ದಿನವೇ ನಿಮಗೆ ಅಕ್ಕನ ಮೊಣಕಾಲು ನೋವು ನೆನಪಾಯಿತು. ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು, ಪಾಸು ಇತ್ತು, ಪಾರಾದಿರಿ. ಪುಕ್ಕ ಬಾಲ್ಕನಿಯಲ್ಲಿ ಉಳಿಯಿತು, ಪುಕ್ಕಲು ದಾವಣಗೆರೆ ಸೇರಿತು.

ಇನ್ನು ತಿರುಮಲನಿಗೆ ಆದದ್ದೇನು? ಐವತ್ತು ರೂಪಾಯಿ ದಂಡ. ಪ್ರಾಣಿಹಿಂಸೆ ತಡೆಯಲು ೧೯೬೦ರಲ್ಲಿ ಮಾಡಿದ ಕಾಯಿದೆ, ಮೊದಲ ತಪ್ಪಿಗೆ ಹೆಚ್ಚೆಂದರೆ ಅಷ್ಟೇ. ಆಗ ಅದು ದೊಡ್ಡ ನೋಟು, ಈಗ ಆಟೋದವನು ಚಿಲ್ಲರೆ ಇಲ್ಲ ಅಂತ ಇಟ್ಟುಕೊಳ್ಳುವ ದುಡ್ಡು. ಅವನಿಗೆ ಹಾಕಿದ ದಂಡವೇ ದಂಡ. ಕೋಳಿ ಕೇಳಿ ಮಸಾಲೆ ಅರೆಯುತ್ತಾರಾ ಅನ್ನುತ್ತಾರಲ್ಲ, ನಮ್ಮ ಕಾನೂನೂ ಆ ಗಾದೆ ಕೇಳಿಕೊಂಡೇ ಬೆಳೆದಂತಿದೆ.

ಹೋದ ಸೋಮವಾರ ಅವನು ನಮ್ಮ ಬಾಗಿಲಿಗೆ ಬಂದ. ಅಣ್ಣೀ ಅಂತ ಅತ್ತಿಗೆಯ ವರಸೆಯಲ್ಲೇ ಕರೆದು, ನನ್ನ ಎರಡೂ ಹುಂಜ ಪೊಲೀಸರ ಪಾಲಾದವು, ಬರುವ ತಿಂಗಳು ದೊಡ್ಡ ಪಂದ್ಯ ಇದೆ, ಗಾಯ ವಾಸಿಯಾಗಲಿ ಅಂತ ನಿಮ್ಮಲ್ಲಿ ಬಿಟ್ಟಿದ್ದೆನಲ್ಲ, ಅದನ್ನು ಕೊಡಿ ಅಂದ. ಒಂದೇ ಕಣ್ಣಿರುವುದು ಹೇಗಪ್ಪಾ ಕಾದುತ್ತದೆ ಅಂದೆ. ಒಕ್ಕಣ್ಣಿನದಕ್ಕೇ ರೋಷ ಹೆಚ್ಚು, ಏಟು ಯಾವ ಕಡೆಯಿಂದ ಬರುತ್ತದೋ ತಿಳಿಯದೆ ಎಲ್ಲಾ ಕಡೆಗೂ ಹೊಡೆಯುತ್ತದೆ, ಎರಡು ಆಟವಾದರೂ ಬಾಳುತ್ತದೆ ಅಂದ. ಇಷ್ಟು ಹೇಳಿ, ಕಾಫಿಗೆ ಇನ್ನೂ ಸ್ವಲ್ಪ ಸಕ್ಕರೆ ಕೇಳಿದ. ಸಕ್ಕರೆ ಕೊಟ್ಟೆ, ಹುಂಜ ಕೊಡಲಿಲ್ಲ.

ಅವನೇನು ಮಾಡಿದ ಗೊತ್ತೇ? ಕೋಳಿಜಗಳಕ್ಕೆ ದಂಡ ಕಟ್ಟಿ ತಿಂಗಳಾಗದವನು, ತನ್ನ ಕೋಳಿಯನ್ನು ಬೇರೆಯವರು ಇಟ್ಟುಕೊಂಡಿದ್ದಾರೆ ಅಂತ ನಮ್ಮ ಏರಿಯಾ ಠಾಣೆಗೇ ದೂರು ಕೊಟ್ಟ!

ಗುರುವಾರ ಬೆಳಿಗ್ಗೆ ಮೌನವನ್ನು ಬಟ್ಟೆಬುಟ್ಟಿಯಲ್ಲಿ ಕೂರಿಸಿ, ಮೇಲೆ ನನ್ನ ಹಳೇ ಟವೆಲು ಹೊದಿಸಿ ಠಾಣೆಗೆ ಹೊರಟೆ. ಜೊತೆಗೆ ಮೂರನೇ ಮಹಡಿಯ ನಿಖಿತಾ, ನಮ್ಮ ಹರಿಹರ ಅವರ ಮಗಳು. ಲಾಯರಾಗಿ ಎರಡು ವರ್ಷವಷ್ಟೇ ಆಯಿತು. ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ, ಉತ್ತರ ತಮಿಳಿನಲ್ಲಿ. ದಾರಿಯುದ್ದಕ್ಕೂ ನನಗೆ ಒಂದೇ ಚಿಂತೆ: ಬುಟ್ಟಿ ಖಾಲಿ ಹಿಡಿದು ವಾಪಸ್ ಬರಬೇಕಾದರೆ?

ಇನ್‌ಸ್ಪೆಕ್ಟರ್ ಜಯಪ್ರಕಾಶ್ ಬುಟ್ಟಿ ನೋಡಿದರು, ನನ್ನ ನೋಡಿದರು, ಸೇವಲಾ ಎಂದರು. ತಮಿಳಿನಲ್ಲಿ ಹುಂಜಕ್ಕೆ ಸೇವಲ್, ಪೊಲೀಸರಿಗೆ ಕಾವಲ್. ಹೌದು ಸಾರ್, ಸೇವಲಿಗೆ ಕಾವಲ್ ಬೇಕು ಅಂದೆ. ಅವರ ಮೀಸೆ ಸ್ವಲ್ಪ ಅಲುಗಿತು. ಅಲ್ಲಿಗೆ ಅರ್ಧ ಧೈರ್ಯ ಬಂತು.

ಕೊಟ್ಟದ್ದಕ್ಕೆ ಪುರಾವೆ ಏನು ಅಂದರು. ನಿಮ್ಮ ಹಳೇ ಮೆಸೇಜು ತೆಗೆದು ತೋರಿಸಿ, ತಮಿಳಿನಲ್ಲಿ ಓದಿ ಹೇಳಿದೆ. ಕೆಳಗೆ ನನ್ನ ಉತ್ತರ. ಇದೇನು ಅಂದರು. ಸಾಕು ಅಂದೆ. ಅವರ ಮುಖ ಗಂಟಾಯಿತು. ಸಾಕ್ಕು ಎಂದರೆ ತಮಿಳಿನಲ್ಲಿ ನೆಪ. ನೆಪಗಿಪ ಹೇಳಬೇಡಿ, ಬರೆದದ್ದನ್ನು ಹೇಳಿ ಅಂತ ಗದರಿದರು. ಬರೆದದ್ದೇ ಅದು ಸಾರ್ ಅಂತ ನಾನು, ನೆಪ ಬೇಡ ಅಂತ ಅವರು. ನಿಖಿತಾ ನಡುವೆ ಬಂದು ಬಿಡಿಸದಿದ್ದರೆ ಅಲ್ಲೇ ಒಂದು ಕಾಳಗವಾಗುತ್ತಿತ್ತು.

ಆಗ ಮೂಲೆಯ ಬೆಂಚಿನಲ್ಲಿದ್ದ ತಿರುಮಲ ಎದ್ದು ನಿಂತ. ಸಾರ್, ಸಾಕು ಅಂದರೆ ಪೋದುಂ, ನನಗೆ ಚೆನ್ನಾಗಿ ಗೊತ್ತು! ಇವರ ಮನೆಯಲ್ಲಿ ಊಟಕ್ಕೆ ಕೂತರೆ ಅಣ್ಣಿ ರೊಟ್ಟಿ ಮೇಲೆ ರೊಟ್ಟಿ ಹಾಕುತ್ತಾರೆ, ಸಾಕು ಸಾಕು ಅಂತ ಅಡ್ಡ ಕೈ ಹಿಡಿಯುವುದು ನಾನೇ! ಅಣ್ಣಿ ಅವತ್ತೇ ಬೇಡ ಅಂದಿದ್ದಾರೆ. ಹಾಗಾದರೆ ಹುಂಜ ನನ್ನದೇ ಅಲ್ಲವಾ ಅಂದ.

ರೀ, ಅವನು ಹೇಳಿದ್ದೇ ನಿಜ. ನಾನು ಬಡಿಸಿದ ರೊಟ್ಟಿ ನನಗೇ ತಿರುಗಿ ಬಡಿಯಿತು. ಬುಟ್ಟಿಯೊಳಗಿಂದ ಒಂದು ಸದ್ದೂ ಇಲ್ಲ; ಜೀವಮಾನದಲ್ಲಿ ಮೊದಲ ಸಲ ಅದು ಹೆಸರಿಗೆ ತಕ್ಕಂತೆ ಇತ್ತು. ಟವೆಲಿನ ಮೇಲೆ ಕೈ ಇಟ್ಟೆ. ಬೆಚ್ಚಗೆ ಅದರ ಬೆನ್ನು ಏರಿಳಿಯುತ್ತಿತ್ತು. ಆಮೇಲೆ ಕನ್ನಡ ಎಂ.ಎ. ಬಾಯಿ ಬಿಟ್ಟಳು. ಸಾಕು ಎಂದರೆ ಬೆಳೆಸು ಅಂತಲೂ ಅರ್ಥವಿದೆ ಸಾರ್. ಸಾಕುನಾಯಿ, ಸಾಕುಬೆಕ್ಕು, ಸಾಕುಮಗಳು. ಊಟದೆಲೆಯ ಮುಂದಿನ ಸಾಕು ಬೇರೆ, ಪ್ರಾಣಿಯ ಮುಂದಿನ ಸಾಕು ಬೇರೆ ಅಂದೆ. ಸುಳ್ಳು ಹೇಳಲಿಲ್ಲ ನೋಡಿ. ನಿಘಂಟಿನಲ್ಲಿ ಒಂದು ಸಾಲು ಕೆಳಗೆ ಇಳಿದೆ, ಅಷ್ಟೇ.

ಇನ್‌ಸ್ಪೆಕ್ಟರ್ ಟವೆಲು ಸರಿಸಿದರು. ವಾಸಿಯಾದ ಕಣ್ಣಿನ ಗುಳಿ, ನಾನು ಎಣ್ಣೆ ಹಚ್ಚಿ ಹಚ್ಚಿ ಮಿರುಗಿಸಿದ ಕಾಲು, ನೀವು ಕಟ್ಟಿದ ಕೆಂಪು ದಾರ ನೋಡಿದರು. ಆಮೇಲೆ ತಿರುಮಲನಿಗೆ ಹೇಳಿದರು: ಒಂದು ವರ್ಷ ಬಾಲ್ಕನಿಯಲ್ಲಿ ಇಟ್ಟು ಮಗುವಿನ ಹಾಗೆ ನೋಡಿಕೊಂಡವರು ಯಾವ ಅರ್ಥದಲ್ಲಿ ಬರೆದಿರಬೇಕು, ನೀನೇ ಹೇಳಯ್ಯಾ.

ಏನು ಅಂದುಕೊಂಡು ಬರೆದೆನೋ ಅದು ಸುಳ್ಳಾಗಿ, ಏನು ಮಾಡಿದೆನೋ ಅದು ನಿಜವಾಗಿತ್ತು. ಹುಂಜದ ಮೇಲೆ ತನಗೆ ಹಕ್ಕಿಲ್ಲ ಅಂತ ತಿರುಮಲನಿಂದ ಬರೆಸಿಕೊಂಡರು. ಇನ್ನೊಂದು ಸಲ ಕಣದಲ್ಲಿ ಸಿಕ್ಕಿದರೆ ಜೈಲಿಗೂ ದಾರಿ ಇದೆ ಅಂತ ಎಚ್ಚರಿಸಿದರು. ಯಜಮಾನರು ಎಲ್ಲಿ ಅಮ್ಮಾ ಅಂತ ನನ್ನನ್ನು ಕೇಳಿದಾಗ ಗಾಬರಿಯಲ್ಲಿ ಅಕ್ಕನ ಮೊಣಕಾಲಿಗೆ ಹೋಗಿದ್ದಾರೆ ಅಂದುಬಿಟ್ಟೆ. ಅವರು ಬರೆದುಕೊಳ್ಳಲೂ ಇಲ್ಲ.

ಆಟೋದಲ್ಲಿ ಬರುವಾಗ ನಿಖಿತಾಳನ್ನು ಸುಮ್ಮನೆ ಕೇಳುವ ಹಾಗೆ ಕೇಳಿದೆ, ಬರೀ ನಿಂತು ನೋಡಿದವರಿಗೆ ಏನಮ್ಮಾ ಶಿಕ್ಷೆ ಅಂತ. ಇಪ್ಪೋ ಒಣ್ಣುಮಿಲ್ಲೆ ಆಂಟಿ, ಈಗ ಏನೂ ಇಲ್ಲ, ಅದೇ ತಪ್ಪು ಅಂದಳು. ಅವಳೂ ಅವಳ ಗೆಳತಿಯರೂ ಕಾನೂನು ಬದಲಿಸಿ ಅಂತ ದೆಹಲಿಗೆ ಒಂದು ಅರ್ಜಿ ಸಿದ್ಧಮಾಡಿದ್ದಾರೆ, ಅದನ್ನು ಸಹಿಗೆ ನನ್ನ ಕೈಗಿಟ್ಟಳು. ಕಾದಾಡಿಸುವವರಿಗೆ ನಾಟುವಂಥ ಶಿಕ್ಷೆ ಬೇಕು, ವಶಪಡಿಸಿದ ಪ್ರಾಣಿ ಮತ್ತೆ ಅವರ ಕೈಗೆ ಹೋಗಬಾರದು, ಹೋಗಿ ನಿಂತು ನೋಡುವುದೂ ಅಪರಾಧವಾಗಬೇಕು. ಕೊನೆಯ ಸಾಲಿಗೆ ನನ್ನ ಪೆನ್ನು ನಿಂತಿತು. ಶಾಯಿ ಮುಗಿದಿದೆ ಅಂದೆ. ಆ ಹುಡುಗಿ ತಕ್ಷಣ ಬೇರೆ ಪೆನ್ನು ಕೊಟ್ಟಳು.

ಸಹಿ ಹಾಕಿದೆ, ರೀ. ಇಷ್ಟು ವರ್ಷ ಬ್ಯಾಂಕಿನಲ್ಲಿ ಬೇರೆಯವರ ಸಹಿ ಹೋಲಿಸಿದವಳ ಆ ಸಹಿ, ಯಾವ ಚೆಕ್ಕಿನಲ್ಲೂ ಪಾಸಾಗುವಂತಿರಲಿಲ್ಲ. ಆದರೂ ಅದು ನನ್ನದೇ. ನಿಮ್ಮ ಸಹಿಗೂ ಕೆಳಗೆ ಜಾಗ ಬಿಡಿಸಿದ್ದೇನೆ. ಹೊಸ ಕಾನೂನು ಬಿಗಿಯಾಗುವ ಮೊದಲು ಬಂದುಬಿಡಿ. ಹಳೆಯದು ನಿಮ್ಮ ಹೊಟ್ಟೆಗೂ ಸಡಿಲವಾಗಿಯೇ ಇದೆ.

ಅಕ್ಕನ ಮೊಣಕಾಲಿಗೆ ನನ್ನ ನಮಸ್ಕಾರ ತಿಳಿಸಿ. ಬರುವಾಗ ಜೋಳ ತನ್ನಿ, ಇಲ್ಲಿಯದನ್ನು ಮೌನ ಮೂಸಿಯೂ ನೋಡುವುದಿಲ್ಲ.

ಕೋಳಿಯನ್ನು ಸಾಕಿ, ಜಗಳವನ್ನು ಸಾಕುಮಾಡಿದ
ನಿಮ್ಮ ದಾಕ್ಷಾಯಿಣಿ

ತಾ.ಕ.: ಠಾಣೆಯ ಮೆಟ್ಟಿಲಿಳಿದ ಮೇಲೆ ತಿರುಮಲ ನನ್ನನ್ನು ಬದಿಗೆ ಕರೆದು ತನ್ನ ಫೋನು ತೋರಿಸಿದ. ನೀವು ಹೊರಟ ದಿನ, ರೈಲು ಕಾಟ್ಪಾಡಿ ಕೂಡ ದಾಟಿರಲಿಕ್ಕಿಲ್ಲ, ಇಂಗ್ಲಿಷ್ ಅಕ್ಷರದ ತಮಿಳಿನಲ್ಲಿ ಅವನಿಗೆ ಬರೆದಿದ್ದಿರಿ: ನನ್ನ ಹೆಸರು ಮಾತ್ರ ಎಲ್ಲೂ ಹೇಳಬೇಡ, ಬೇಕಾದರೆ ಹುಂಜ ತೆಗೆದುಕೊಂಡು ಹೋಗು. ಇದನ್ನು ಒಳಗೆ ತೋರಿಸಿದ್ದರೆ ನಾನೇ ಗೆಲ್ಲುತ್ತಿದ್ದೆ ಅಣ್ಣೀ, ಆದರೆ ಸಾರ್ ಮಾನ ಹೋಗುತ್ತಿತ್ತು ಅಂದ. ಕಾಲಿಗೆ ಕತ್ತಿ ಕಟ್ಟುವ ಕೈಯೇ ನಿಮ್ಮ ಮಾನ ಕಾಯಿತು; ಇದರಲ್ಲಿ ನನಗೆ ಯಾವ ಶ್ಲೇಷೆಯೂ ಹೊಳೆಯಲಿಲ್ಲ. ಅದನ್ನು ಓದಿದ ಮೇಲೆಯೇ ಈ ಕಾಗದ ಬರೆಯಲು ಕೂತದ್ದು. ಆದ್ದರಿಂದ ಬನ್ನಿ ಎಂದದ್ದರಲ್ಲಿ ಬದಲಾವಣೆ ಇಲ್ಲ. ಹುಂಜಕ್ಕೆ ವಿಷಯ ಗೊತ್ತಿಲ್ಲ, ನಾನು ಹೇಳುವುದೂ ಇಲ್ಲ. ಬಂದ ದಿನ ಮೊದಲು ಬಾಲ್ಕನಿಗೆ ಹೋಗಿ ನೀವೇ ಹೇಳಿಕೊಳ್ಳಿ. ಅಷ್ಟರಲ್ಲಿ ನಾನು ಕಾಫಿಗೆ ನೀರಿಡುತ್ತೇನೆ.